ಕೆರೆ ಕೊಟ್ಟ ಬಾಗಿನ

ವಿಜಯಪುರ, ದೇವನಹಳ್ಳಿ ತಾಲ್ಲೂಕು
ಶನಿವಾರ, ೮-೧೧-೨೦೨೫

ನನ್ನ ಮುದ್ದು ಶಿಲ್ಪಾ,

ಹೇಗಿದ್ದೀಯ ಮಗಳೇ? ವಾಂತಿ ನಿಂತಿತೇ? ಬೆಳಿಗ್ಗೆ ಎದ್ದ ಕೂಡಲೇ ಬರೀ ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡ, ಎರಡು ಬಿಸ್ಕತ್ತಾದರೂ ತಿನ್ನು. ಅಳಿಯಂದಿರ ಕೆಮ್ಮು ವಾಸಿಯಾಗಿದೆ ಅಂದುಕೊಂಡಿದ್ದೇನೆ. ಫೋನು ಕೈಯಲ್ಲಿರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನ್ ಮಾಡಿದರೆ ನಿನ್ನ ಅತ್ತೆ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಪಾಪ, ಪ್ರೀತಿಗೇ ಹಾಗೆ ಮಾಡುತ್ತಾರೆ. ಆದರೆ ಈ ಮಾತನ್ನು ಅವರೆದುರು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಜ ಹೇಳಬೇಕೆಂದರೆ ನಿನ್ನೆದುರೂ ಬರುವುದಿಲ್ಲ.

ಕಳೆದ ಭಾನುವಾರದ ವಿಡಿಯೋ ನೋಡಿ ನೀನು ಚಪ್ಪಾಳೆ ಹಾಕಿ, ‘ನಮ್ಮಮ್ಮ ಅಂದ್ರೆ ಸುಮ್ನೇನಾ’ ಎಂದು ಬರೆದು, ಅತ್ತೆ ಮನೆಯವರಿಗೆಲ್ಲ ಕಳಿಸಿದೆಯಲ್ಲ, ಅದರದೇ ವಿಷಯ. ನಮ್ಮ ಕೆರೆ ಬಳಗದ ಪದ್ಧತಿ ನಿನಗೆ ಗೊತ್ತೇ ಇದೆ. ಭಾನುವಾರ ಏರಿಯ ಮೇಲೆ ಕಸ ಆರಿಸುವುದು, ಕಸ ಯಾರದೆಂದು ಗುರುತು ಸಿಕ್ಕರೆ ಅವರ ಮನೆಗೇ ತಮಟೆ ಹೊಡೆದುಕೊಂಡು ಹೋಗಿ ವಾಪಸ್ಸು ಕೊಡುವುದು. ಬರಿಗೈಯಲ್ಲಿ ಅಲ್ಲ, ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಹೂವು, ಎಲೆ ಅಡಿಕೆ ಇಟ್ಟು. ‘ಕೆರೆ ತುಂಬಿದಾಗ ನಾವು ಕೆರೆಗೆ ಬಾಗಿನ ಕೊಡ್ತೀವಿ, ಈಗ ಕೆರೆ ನಿಮಗೆ ಬಾಗಿನ ಕೊಡ್ತಾ ಐತೆ, ತಗೊಳ್ಳಿ’ ಅನ್ನುವುದು. ಈ ಬುದ್ಧಿವಂತಿಕೆ ನನ್ನದೇ. ಜನ ನಕ್ಕರು, ಪೇಪರಿನಲ್ಲಿ ಬಂತು, ನಾನೂ ಉಬ್ಬಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನನ್ನ ಕೊಡೆ ತಮಟೆಯಾಗಿತ್ತು ಅಷ್ಟೆ.

ಆ ಭಾನುವಾರ ತೂಬಿನ ಹತ್ತಿರ ಒಂದು ಅಕ್ಕಿ ಚೀಲ ಸಿಕ್ಕಿತು. ನೀರಲ್ಲಿ ನೆಂದು, ಕೆಸರು ಮೆತ್ತಿ, ಒಂದು ಕಡೆ ಹರಿದಿತ್ತು. ಒಳಗೆಲ್ಲ ರವಿಕೆ ಬಟ್ಟೆಯ ಚೂರು. ‘ಇದು ಅನ್ವರ್ ಬೇಗಂ ಮನೆದೇ, ಕಣ್ಮುಚ್ಕೊಂಡು ಹೇಳ್ತೀನಿ’ ಎಂದೆ. ಯಾರೂ ಎದುರು ಮಾತಾಡಲಿಲ್ಲ, ನಾನು ಹೇಳಿದ ಮೇಲೆ ಮುಗಿಯಿತಲ್ಲ. ನಿನ್ನ ಲಂಗ ದಾವಣಿಯಿಂದ ಹಿಡಿದು ಧಾರೆ ರವಿಕೆಯವರೆಗೆ ಹೊಲಿದ ಅನ್ವರಕ್ಕನ ಬಾಗಿಲಿಗೆ ತಮಟೆ ಹೊಡೆಸಿಕೊಂಡು ಹೋದೆ. ಅವರ ಮನೆಗೆ ಅರಿಶಿನ ಕುಂಕುಮ ಬೇಡವೆಂದು ಮೊರದಿಂದ ತೆಗೆದಿಟ್ಟಿದ್ದೆ ನೋಡು, ಅಷ್ಟು ಸೂಕ್ಷ್ಮ ನಾನು! ಆಕೆ ಮಿಷನ್ ಬಿಟ್ಟು ಎದ್ದು ಬಂದು, ಚೀಲ ನೋಡಿ, ನನ್ನ ಮುಖ ನೋಡಿ, ತಲೆ ಮೇಲೆ ಸೆರಗು ಎಳೆದುಕೊಂಡು ಎರಡೂ ಕೈಯಲ್ಲಿ ಮೊರ ಇಸಿದುಕೊಂಡರು. ‘ನಾನಲ್ಲ’ ಎನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದು ತಿಳಿದು ನಾನು ವಿಡಿಯೋದಲ್ಲಿ ಭಾಷಣ ಬೇರೆ ಬಿಗಿದೆ.

ಗುರುವಾರ ನಿನ್ನ ಮಗುವಿನ ತೊಟ್ಟಿಲಿಗೆ ಕೌದಿ ಹೊಲಿಯಲು ಶುರು ಮಾಡೋಣವೆಂದು ಹಿಂದಿನ ಕೋಣೆಯಲ್ಲಿ ಬಟ್ಟೆ ಚೂರು ಹುಡುಕಿದೆ. ದಸರೆಗೆ ಮೊದಲೇ ಕೇಳಿ ತಂದಿಟ್ಟಿದ್ದೆ. ಯಾರ ಹತ್ತಿರ ಕೇಳಿದ್ದೆ ಗೊತ್ತೇ? ಅನ್ವರಕ್ಕನ ಹತ್ತಿರವೇ. ನಿನ್ನ ಕೂಸಿಗೆ ಅಂದಿದ್ದಕ್ಕೆ ಮೆತ್ತಗಿರುವ ಚೂರುಗಳನ್ನೇ ಆರಿಸಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕೊಟ್ಟಿದ್ದರು. ಚೀಲ ಇರಲಿಲ್ಲ. ಆಗ ನೆನಪಾಯಿತು. ದೀಪಾವಳಿಗೆ ಮನೆ ಗುಡಿಸುವಾಗ ಪುರಸಭೆಯ ಕಸದ ಗಾಡಿ ಬಂದಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಗೂಡ್ಸ್ ಆಟೋದವನನ್ನು ಕೂಗಿ ಕರೆದು, ‘ಕೋಣೇಲಿರೋದೆಲ್ಲ ಎತ್ಕೊಂಡ್ ಹೋಗಪ್ಪ, ಎಲ್ಲಾದ್ರೂ ಹಾಕು’ ಎಂದವಳು ನಾನು. ಎಲ್ಲಾದರೂ ಹಾಕು! ಕೆರೆ ಬಳಗದ ಈ ಪ್ರಮೋದಾಳ ಬಾಯಲ್ಲಿ ಬಂದ ಮಾತು ಇದು. ತಕ್ಷಣ ವಿಡಿಯೋ ತೆಗೆದು ದೊಡ್ಡದು ಮಾಡಿ ನೋಡಿದೆ. ಚೀಲದ ಬಾಯಿಗೆ ಕಟ್ಟಿದ್ದು ನಿನ್ನ ಧಾರೆ ರವಿಕೆಗೆ ಹಾಕಿ ಉಳಿದ ಜರಿ ಲೇಸು. ಕೆಸರಾಗಿದ್ದರೂ ಒಂದು ಕೊನೆ ಹೊಳೆಯುತ್ತಿತ್ತು. ನಾನೇ ಆರಿಸಿ ಕೊಂಡಿದ್ದ ಲೇಸು ನನಗೇ ಗುರುತು ಸಿಕ್ಕಿರಲಿಲ್ಲ.

ನಿಮ್ಮಪ್ಪನಿಗೆ ಹೇಳಿದೆ. ಅವರು ಪೇಪರ್ ಮಡಿಸದೆಯೇ, ‘ಸುಮ್ನಿರೇ, ಯಾರ್ಗೂ ಗೊತ್ತಾಗಿಲ್ಲ. ಆಯಮ್ಮಂಗೊಂದು ಸೀರೆ ಕೊಟ್ಟು ಮುಗ್ಸು’ ಎಂದರು. ಒಂದು ದಿನ ಸುಮ್ಮನಿದ್ದೆ ಕೂಡ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. ನಿನ್ನೆ ಅವರ ಬೀದಿಯಲ್ಲಿ ಹೋಗಬೇಕಾಯಿತು. ‘ಲೇಡೀಸ್ ಟೈಲರ್’ ಬೋರ್ಡನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದಾರೆ. ಮೊಮ್ಮಗಳು ಝೋಯಾ ಮಂಗಳವಾರದಿಂದ ಕಾಲೇಜಿಗೆ ಹೋಗಿಲ್ಲವಂತೆ, ಸೋಮವಾರ ಹುಡುಗರು ‘ಬಾಗಿನ ಬಂತು’ ಎಂದು ತಮಟೆಯ ಹಾಗೆ ಬೆಂಚು ಬಡಿದರಂತೆ. ನನಗೆ ಆ ಮನೆ ದಾಟುವಷ್ಟರಲ್ಲಿ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನನ್ನ ಕಸ, ಅವರ ಮಾನ. ನಾಚಿಕೆಯೆಂದರೆ ಏನೆಂದು ಈ ವಯಸ್ಸಿಗೆ ಕಲಿತೆ ಮಗಳೇ.

ಆ ವಿಡಿಯೋ ಅಳಿಸಿಬಿಡು. ಯಾರಿಗೆಲ್ಲ ಕಳಿಸಿದ್ದೀಯೋ ಅವರಿಗೂ ಅಳಿಸಲು ಹೇಳು. ತಿಂಗಳ ತಪಾಸಣೆ ತಪ್ಪಿಸಬೇಡ, ಕಬ್ಬಿಣದ ಮಾತ್ರೆ ನುಂಗು. ಹುರಿಗಡಲೆ ಚಟ್ನಿಪುಡಿ ಮಾಡಿಟ್ಟಿದ್ದೇನೆ, ಬರುವವರ ಕೈಲಿ ಕಳಿಸುತ್ತೇನೆ. ಬೀಗರಿಗೆ ನಮಸ್ಕಾರ ಹೇಳು. ನೀನೂ ನಿನ್ನ ಹೊಟ್ಟೆಯಲ್ಲಿರುವ ಕೂಸೂ ತಣ್ಣಗಿರಿ.

ನಿನ್ನ ಅಮ್ಮ
ಪ್ರಮೋದಾ

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಅವತ್ತು ಮೊರ ಇಸಿದುಕೊಳ್ಳುವಾಗ ಅನ್ವರಕ್ಕನ ಕಣ್ಣು ಆ ಲೇಸಿನ ಮೇಲೇ ಇತ್ತು. ಗಂಟು ಹಾಕಿದವರು ಆಕೆಯೇ ಅಲ್ಲವೇ? ಅಷ್ಟು ಜನರ ನಡುವೆ ಮೆಲ್ಲಗೆ ಒಂದೇ ಮಾತು ಕೇಳಿದ್ದರು, ‘ಶಿಲ್ಪ ಚೆನ್ನಾಗವ್ಳಾ ಅಮ್ಮಾ?’ ಇವರಿಗೆಷ್ಟು ಭಂಡತನ ಎಂದುಕೊಂಡು ನಾನು ಉತ್ತರ ಕೊಟ್ಟಿರಲಿಲ್ಲ. ನಾಳೆ ಕೊಡುತ್ತೇನೆ. ಚೀಲದ ನಿಜವಾದ ಮನೆ ಸಿಕ್ಕಿದೆ, ತಮಟೆ ತನ್ನಿ ಎಂದು ಬಳಗಕ್ಕೆ ಹೇಳಿದ್ದೇನೆ, ಯಾರ ಮನೆಯೆಂದು ಹೇಳಿಲ್ಲ. ಮೊದಲು ಅನ್ವರಕ್ಕನ ಬಾಗಿಲಿಗೆ ಹೋಗಿ ಎಲ್ಲರೆದುರು ಕೈ ಮುಗಿದು ಚೀಲ ವಾಪಸ್ಸು ಕೇಳುತ್ತೇನೆ, ಕೊಟ್ಟರೆ ತಲೆ ಮೇಲೆ ಹೊತ್ತು ಅದೇ ತಮಟೆಯ ಜೊತೆ ನಮ್ಮ ಮನೆಗೆ ಬರುತ್ತೇನೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಆ ವಿಡಿಯೋ ಬಂದಿರುತ್ತದೆ, ಅದನ್ನು ಮಾತ್ರ ಅಳಿಸಬೇಡ. ಅತ್ತೆ ಏನೆಂದು ಕೇಳಿದರೆ ನನಗೆ ಫೋನ್ ಮಾಡು. ಸ್ಪೀಕರ್ ಹಾಕು, ನಾನೇ ಹೇಳುತ್ತೇನೆ.