ಎರಡು ಅಲಗು, ಒಂದು ಸ್ಕ್ರೂ

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಎಡ ಅಲಗು, ಬಲ ಅಲಗು, ನಡುವೆ ಸ್ಕ್ರೂ. ಬಿಗಿ ಮಾಡು, ಎರಡು ಸಲ ಕಚಕ್ ಕಚಕ್ ಅನ್ನಿಸು, ಡಬ್ಬಕ್ಕೆ ಹಾಕು. ಡಬ್ಬದ ಮೇಲೆ ದಪ್ಪ ಅಕ್ಷರ — 'ನಮ್ಮ ನೆಲದ ಕತ್ತರಿ, ನಮ್ಮ ಕೈಯ ಕೆಲಸ'. ಓದಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಅಲಗುಗಳು ಹಡಗಿನಲ್ಲಿ ಬರುತ್ತವೆ. ಮರದ ಪೆಟ್ಟಿಗೆ, ಎಣ್ಣೆ ಹಚ್ಚಿದ ಕಾಗದ. ಎಲ್ಲೋ ದೂರದಲ್ಲಿ ಯಾರೋ ಬಡಿದು, ಸಾಣೆ ಹಿಡಿದು, ಹೊಳಪು ಕೊಟ್ಟು ಕಳಿಸಿರುತ್ತಾರೆ. ಹೊರಗಿನ ಮಾಲಿನ ಮೇಲೆ ಹೊಸ ಸುಂಕ ಹಾಕಿದ್ದಾರಲ್ಲ, ಅದು ಇಡೀ ಕತ್ತರಿಗೆ ಮಾತ್ರ. ಬಿಡಿ ಅಲಗಿಗೆ ಇಲ್ಲ. ಕಾನೂನು ಬರೆದವರಿಗೆ ಈ ಸಂದಿ ಕಾಣಿಸಲಿಲ್ಲವೇ? ನಮ್ಮ ಮಾಲೀಕರಂತೂ ಅದರಲ್ಲಿ ಲಾರಿಯನ್ನೇ ನುಗ್ಗಿಸಿದರು. ಮುನ್ನೂರು ಜನ ಇದ್ದ ಕಡೆ ಈಗ ಹನ್ನೊಂದು ಹೆಂಗಸರು, ಒಂದು ಉದ್ದ ಮೇಜು. ಉಳಿದ ಶೆಡ್ಡೆಲ್ಲ ಪಾರಿವಾಳಗಳ ಪಾಲು.

ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಪಿಸುಮಾತು. ಇವತ್ತು ಬೆನ್ನ ಹಿಂದೆ ಬಂದು ನಿಂತ. "ಪೆಟ್ಟಿಗೆ ವಿಷಯ ಹೊರಗೆ ಹೋದ್ರೆ ಹನ್ನೊಂದು ಹತ್ತಾಗಲ್ಲ ಕಣಮ್ಮ, ಸೊನ್ನೆ ಆಗುತ್ತೆ" ಎಂದ. ನಗುತ್ತಲೇ ಎಂದ. ಕೂಗಾಡುವವನಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮನೆಗೆ ಬಂದರೆ ಅಣ್ಣನ ಪ್ರಶ್ನೆ. ಅವನು ಅದೇ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸಾಣೆ ಹಿಡಿದವನು. ಎರಡು ವರ್ಷದ ಹಿಂದೆ ಎಲ್ಲರ ಜೊತೆ ಅವನನ್ನೂ ಮನೆಗೆ ಕಳಿಸಿದರು.

"ಸಾಣೆ ಮೇಲೆ ಯಾರಿದ್ದಾರೆ ಪುಟ್ಟಿ ಈಗ?"

"ಹಿಂದಿನ ಶೆಡ್ಡಲ್ಲಿ ನಾಲ್ಕು ಜನ. ಹೊಸಬರು. ನಿನಗೆ ಗೊತ್ತಿಲ್ಲ."

"ಸುಂಕ ಬಿದ್ದಿದೆಯಲ್ಲ, ಇನ್ನು ಆರ್ಡರ್ ಜಾಸ್ತಿಯಾಗುತ್ತೆ. ನಮ್ಮನ್ನ ಕರೀಲೇಬೇಕು."

ಅತ್ತಿಗೆ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

ಮಾರ್ಚ್ 9, ಭಾನುವಾರ

ಅಣ್ಣ ಒತ್ತಾಯ ಮಾಡಿ ಸಭೆಗೆ ಕರೆದುಕೊಂಡು ಹೋದ. ಭಾಷಣ ಪಕ್ಷದ ಮುಖಂಡರದು. ಜನ ಅವರನ್ನು ಗುಡುಗು ಎನ್ನುತ್ತಾರೆ, ಮೈಕಿಲ್ಲದೆಯೂ ನಾಲ್ಕು ಬೀದಿಗೆ ಕೇಳಿಸುವ ಗಂಟಲು.

"ನಿಮ್ಮ ಕೆಲಸ ತಾನಾಗೇ ಹೋಗ್ಲಿಲ್ಲ! ಮೇಲೆ ಕೂತಿರೋರು ಅದನ್ನ ಹಡಗು ಹತ್ತಿಸಿ ಕಳಿಸಿದ್ರು! ಅವರ ಮನೆಗೆ ಮಹಡಿ ಮೇಲೆ ಮಹಡಿ ಬಂತು, ನಿಮ್ಮ ಮನೆ ಸೋರ್ತಾ ಇದೆ!"

ಸುಳ್ಳೇನಲ್ಲ. ಒಂದಕ್ಷರವೂ ಸುಳ್ಳಲ್ಲ. ಕೈ ನೋಯುವಷ್ಟು ಚಪ್ಪಾಳೆ ಹೊಡೆದೆ. ಎದೆಯಲ್ಲಿ ಎಷ್ಟೋ ದಿನದಿಂದ ಕೂತಿದ್ದನ್ನು ಯಾರೋ ಗಟ್ಟಿಯಾಗಿ ಹೇಳಿದ ಹಾಗಾಯಿತು. ಆಮೇಲೆ ವೇದಿಕೆಯ ಮೇಲೆ ಕಣ್ಣು ಹಾಯಿಸಿದರೆ... ಅವರ ಪಕ್ಕದ ಕುರ್ಚಿಯಲ್ಲಿ ನಮ್ಮ ಮಾಲೀಕರು! ಕೊರಳಲ್ಲಿ ಹಾರ. 'ನೆಲ ಬಿಡದ ಉದ್ಯಮಿ' ಅಂತ ಸನ್ಮಾನ. ಅವರೂ ಚಪ್ಪಾಳೆ ಹೊಡೆಯುತ್ತಿದ್ದರು. ಮುನ್ನೂರು ಮನೆಯ ಒಲೆ ಆರಿಸಿದ ಮನುಷ್ಯ.

ಆಮೇಲೆ ಗುಡುಗು ಹೇಳಿದ್ದು ಅಂಗಡಿಗಳ ವಿಷಯ. ಹೊರಗಿನ ಮಾಲು ಮಾರುವವರು ಯಾರು ಅಂತ ನೀವೇ ನೋಡಿ, ನೀವೇ ಬುದ್ಧಿ ಹೇಳಿ ಎಂದರು. ಅಣ್ಣ ಆ ಕೆಲಸಕ್ಕೆ ಹೆಸರು ಕೊಟ್ಟು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಎರಡು ವರ್ಷದಲ್ಲಿ ಅವನು ಇಷ್ಟು ನೆಟ್ಟಗೆ ನಡೆದದ್ದನ್ನು ನೋಡಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ.

ಮಾರ್ಚ್ 14, ಶುಕ್ರವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಕೆಲಸ ಬಿಟ್ಟು ಬರುವಾಗ ಹಾರ್ಡ್‌ವೇರ್ ಅಂಗಡಿ ಮುಂದೆ ಗುಂಪು. ತೋಳಿಗೆ ಪಟ್ಟಿ ಕಟ್ಟಿದವರು. ಅಂಗಡಿಯವರು ಬಿಳಿ ಮೀಸೆಯ ಸಣ್ಣ ಮೈಕಟ್ಟಿನವರು, ನಾಲ್ಕು ಮೊಳೆ ಕೇಳಿದರೂ ಕಾಗದದಲ್ಲಿ ಸುತ್ತಿ ಕೊಡುವವರು. ಎರಡು ಕೈಯಲ್ಲಿ ಎರಡು ಕತ್ತರಿ ಹಿಡಿದು ನಿಂತಿದ್ದರು.

"ನೋಡ್ರಪ್ಪಾ, ಇದು ಹೊರಗಿಂದು, ಇದು ಇಲ್ಲಿದು ಅಂತೀರಿ. ಎರಡೂ ಒಂದೇ ಅಚ್ಚು. ನೀವೇ ಕೈಯಲ್ಲಿ ಹಿಡಿದು ನೋಡಿ, ತೂಕನೂ ಒಂದೇ."

"ನಮ್ಮ ಕಾರ್ಖಾನೆಗೇ ಮಸಿ ಬಳೀತೀಯಾ?" ಎಂದು ಯಾರೋ ಕೂಗಿದರು. ಗಾಜಿನ ಕಪಾಟು ಒಡೆಯಿತು.

ನಾನು ಪಕ್ಕದ ಗಲ್ಲಿಗೆ ಜಾರಿಕೊಳ್ಳುವುದರಲ್ಲಿದ್ದೆ. ಅಣ್ಣನ ಕಣ್ಣಿಗೆ ಬಿದ್ದೆ.

"ತಡೀರಿ, ತಡೀರಿ. ನನ್ನ ತಂಗಿ, ಅಲ್ಲೇ ಕೆಲಸ ಮಾಡೋಳು. ಹೇಳು ಪುಟ್ಟಿ, ಈ ಕತ್ತರಿ ಎಲ್ಲಿ ಮಾಡ್ತೀರಿ?"

ಎಲ್ಲರೂ ತಿರುಗಿದರು. ಅಂಗಡಿಯವರೂ. ಅವರ ಮುಖದಲ್ಲಿ ಒಂದು ಆಸೆ ಇತ್ತು, ಈ ಹುಡುಗಿ ಹೇಳುತ್ತಾಳೆ ಅಂತ.

"ಇಲ್ಲೇ" ಎಂದೆ.

ಅಷ್ಟೇ ಹೇಳಿದ್ದು. ಪಟ್ಟಿ ಕಟ್ಟಿದವರು ಷಟರ್ ಎಳೆದರು. ಕತ್ತರಿ ಹಿಡಿದಿದ್ದ ಅಂಗಡಿಯವರ ಬಲಗೈ ಇನ್ನೂ ಷಟರ್ ಕೆಳಗೆ, ಕಟ್ಟೆಯ ಅಂಚಿನ ಮೇಲಿತ್ತು. ಆ ಸದ್ದು... ಬರೆಯಲಾರೆ.

ಎಳೆದದ್ದು ಅಣ್ಣನೋ ಬೇರೆಯವನೋ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಮಾರ್ಚ್ 22, ಶನಿವಾರ

ಒಂದು ವಾರ ಏನೂ ಬರೆಯಲಿಲ್ಲ. ಬಾಗಿಲು ತಟ್ಟಿದರೆ ಬೆಚ್ಚಿ ಬೀಳುತ್ತೇನೆ.

ಇವತ್ತು ನಿಜವಾಗಿಯೂ ತಟ್ಟಿದರು. ಅಣ್ಣ, ಅತ್ತಿಗೆ ಇಬ್ಬರೂ ಮನೆಯಲ್ಲಿರಲಿಲ್ಲ. ಅಂಗಡಿಯವರ ಹೆಂಡತಿ, ಟೈಲರಮ್ಮ. ನನ್ನ ಬಟ್ಟೆ ಹೊಲಿದವರೇ. ಚೀಲದಿಂದ ನಾಲ್ಕು ಅಲಗು ತೆಗೆದು ನೆಲದ ಮೇಲೆ ಇಟ್ಟರು. ಎರಡು ನಮ್ಮ ಡಬ್ಬದ್ದು, ಎರಡು ಹೊರಗಿನ ಡಬ್ಬದ್ದು. ಸ್ಕ್ರೂ ಕೂರುವ ಜಾಗದಲ್ಲಿ, ಒಳಮೈಗೆ, ಅಕ್ಕಿಕಾಳಿಗಿಂತ ಚಿಕ್ಕ ನಕ್ಷತ್ರದ ಮುದ್ರೆ. ನಾಲ್ಕರ ಮೇಲೂ.

ದಿನಾ ಆ ನಕ್ಷತ್ರದ ಮೇಲೆ ಸ್ಕ್ರೂ ಕೂರಿಸುವವಳು ನಾನು. ಆದರೂ ಮೊದಲ ಸಲ ನೋಡಿದವಳ ಹಾಗೆ ಬಗ್ಗಿ ನೋಡಿದೆ. ಎಂಥ ನಾಟಕ.

"ಅವರಿಗೆ ಬಲಗೈ ಮೂರು ಬೆರಳು ಮಡಿಸೋಕೆ ಬರಲ್ಲ. ಇನ್ನು ಬರೋದೂ ಇಲ್ವಂತೆ" ಎಂದರು. "ಸ್ಟೇಷನ್ನಲ್ಲಿ ಕೇಳ್ತಾರೆ, ನಿನ್ನ ಗಂಡ ಜನರನ್ನ ಯಾಕಮ್ಮ ಕೆಣಕಿದ ಅಂತ. ಕಾರ್ಖಾನೆಯವರು ಒಬ್ಬರು ಬಂದು ನಿಜ ಹೇಳಿದ್ರೆ ಸಾಕು. ನೀವು ಬರ್ತೀರಾ?"

"ನನಗೇನೂ ಗೊತ್ತಿಲ್ಲಮ್ಮ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಒಂದೊಂದೇ ಅಲಗನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. "ನಿಮ್ಮ ಮನೆ ನಡೀಬೇಕಲ್ಲ, ಗೊತ್ತಾಗುತ್ತೆ. ಮನಸ್ಸು ಬಂದ್ರೆ ಫೋನ್ ಮಾಡಿ" ಎಂದು ನಂಬರ್ ಕೊಟ್ಟು ಹೋದರು.

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 29, ಶನಿವಾರ

ಬುಧವಾರ ಗುಡುಗು ಕಾರ್ಖಾನೆಗೆ ಬರುತ್ತಾರಂತೆ. ಕ್ಯಾಮೆರಾದವರೂ ಬರುತ್ತಾರಂತೆ. ಪಾರಿವಾಳ ಓಡಿಸಿದ್ದಾಯಿತು, ಗೋಡೆಗೆ ಸುಣ್ಣ ಹೊಡೆದಿದ್ದಾಯಿತು. ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಸಾಣೆ ಚಕ್ರಕ್ಕೆ ಹೊಸ ಬೆಲ್ಟು. ಪೆಟ್ಟಿಗೆಗಳ ಮೇಲೆ ಟಾರ್ಪಾಲು.

ಚಕ್ರದ ಮುಂದೆ ಕೂರಲು ಹಳೇ ಕೆಲಸಗಾರ ಒಬ್ಬ ಬೇಕು, ಮತ್ತೆ ಕೆಲಸಕ್ಕೆ ಬಂದವನ ಹಾಗೆ ತೋರಿಸಲಿಕ್ಕೆ. ಯಾರನ್ನು ಆರಿಸಿದರು ಅಂತ ಬರೆಯಬೇಕೇ?

ಅಣ್ಣ ಹಳೇ ಸಮವಸ್ತ್ರ ಹೊರಗೆ ತೆಗೆದ. ಸೊಂಟ ಸಡಿಲವಾಗಿದೆ. ಅತ್ತಿಗೆ ಹೊಲಿಗೆ ಹಾಕುತ್ತಿದ್ದಾಳೆ. ಹಾಡು ಗುನುಗುತ್ತಾನೆ! ಹೇಳಿಬಿಡಲೇ? ಎರಡು ಸಲ ಬಾಯಿ ತೆರೆದೆ. ಅವನು ಅಲಗನ್ನು ಕೈಗೆ ತೆಗೆದುಕೊಂಡ ಕೂಡಲೇ ತಿಳಿದುಬಿಡುತ್ತದೆ, ಅದು ಆಗಲೇ ಸಾಣೆ ಕಂಡದ್ದು ಅಂತ. ಎಲ್ಲರ ಮುಂದೆ ಎದೆ ಒಡೆದು ನಿಲ್ಲುತ್ತಾನೆ. ಇಲ್ಲವೇ ಎದುರಿಗಿದ್ದವನ ಮೇಲೆ ಎಗರುತ್ತಾನೆ. ನನ್ನ ಕಡೆ ತಿರುಗಿದರೆ ಏನು ಹೇಳಲಿ?

ಹೇಳಲಿಲ್ಲ. ಹೇಡಿ ನಾನು.

ಏಪ್ರಿಲ್ 2, ಬುಧವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ಪಿಸುಮಾತು ಒಂದು ಅಲಗು ತಂದು ಅಣ್ಣನ ಕೈಗಿಟ್ಟ. ನಾವು ಹನ್ನೊಂದು ಜನ ಹಿಂದೆ ಸಾಲಾಗಿ ನಿಂತಿದ್ದೆವು. ಅಣ್ಣ ಅಲಗಿನ ಅಂಚಿಗೆ ಹೆಬ್ಬೆರಳು ಸವರಿದ. ನಿಂತ. ಇನ್ನೊಂದು ಸಲ ಸವರಿದ. ತಿರುಗಿಸಿ ಒಳಮೈ ನೋಡಿದ. ತಲೆ ಎತ್ತಿ ಸಾಲಿನಲ್ಲಿ ನನ್ನನ್ನು ಹುಡುಕಿದ.

ನಾನು ಪಕ್ಕದವಳ ಹಿಂದೆ ಸರಿದೆ.

"ಶುರು ಮಾಡಪ್ಪ" ಎಂದರು ಗುಡುಗು.

ಅಣ್ಣ ಶುರು ಮಾಡಿದ. ಚೆನ್ನಾಗಿ ಹರಿತವಾಗಿದ್ದ ಅಲಗನ್ನು ಚಕ್ರಕ್ಕೆ ಒತ್ತಿ ಹಿಡಿದ. ಕಿಡಿಗಳು ಹಾರಿದವು. ಕ್ಯಾಮೆರಾಗಳು ಮುತ್ತಿಕೊಂಡವು. ಮಾಲೀಕರು ಅವನ ಹೆಗಲ ಮೇಲೆ ಕೈ ಹಾಕಿದರು. ಅವನು ಹಲ್ಲು ಕಾಣುವ ಹಾಗೆ ನಕ್ಕ. ಆ ಅಲಗು ಪೂರ್ತಿ ಹಾಳಾಯಿತು, ಕಾಗದ ಕತ್ತರಿಸಲೂ ಬಾರದು.

ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಆಡಿದ. "ಸಾಣೆ ಚೆನ್ನಾಗಿ ಹಿಡಿದಿದ್ದಾರೆ ಪುಟ್ಟಿ. ಯಾರೋ ಕೆಲಸ ಗೊತ್ತಿರೋನು." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಂಕಟ ಇತ್ತು. ಅಬ್ಬ, ಇನ್ನು ಇವನು ಆ ಪಟ್ಟಿ ಬಿಚ್ಚಿಡುತ್ತಾನೆ ಅಂದುಕೊಂಡೆ.

ಏಪ್ರಿಲ್ 4, ಶುಕ್ರವಾರ

ಬಿಚ್ಚಿಡಲಿಲ್ಲ. ಕಾರ್ಖಾನೆಯವರು ಅವನಿಗೆ ಗೇಟಿನ ಕೆಲಸ ಕೊಟ್ಟರು. ಟೋಪಿ, ಸೀಟಿ, ಐಡಿ ಕಾರ್ಡು. ಪೆಟ್ಟಿಗೆ ಹೊತ್ತ ಲಾರಿ ಬಂದರೆ ಗೇಟು ತೆಗೆಯುವವನು ಈಗ ಅವನೇ.

"ನಿನಗೆ ಎಲ್ಲ ಗೊತ್ತಾಯ್ತಲ್ಲ ಅಣ್ಣ. ಅಂಗಡಿಯವರು ಹೇಳಿದ್ದೂ ನಿಜ ಅಂತ ಗೊತ್ತಾಯ್ತಲ್ಲ" ಎಂದೆ.

"ಎರಡು ವರ್ಷ ನಾನು ಬೀದೀಲಿ ಹೋದ್ರೆ ಯಾರೂ ತಿರುಗಿ ನೋಡ್ತಿರಲಿಲ್ಲ. ಈಗ ದಾರಿ ಬಿಡ್ತಾರೆ" ಎಂದ. "ನಿಜ ಇಟ್ಕೊಂಡು ಏನ್ ಮಾಡ್ಲಿ? ಆಗಲೂ ನಿಜಾನೇ ಇತ್ತು, ಮನೆಗೆ ಕಳಿಸಿದ್ರು."

ಅವನಿಗೆ ತಿಳಿಯಬಾರದು ಎಂದು ಹೆದರಿದ್ದೆ ಇಷ್ಟು ದಿನ. ಈಗ ತಿಳಿದಿದೆ. ಹೆದರಿಕೆ ಹೋಗಲಿಲ್ಲ. ಈಗ ಅವನಿಗೇ ಹೆದರುತ್ತಿದ್ದೇನೆ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನಿಗೆ.

ಏಪ್ರಿಲ್ 6, ಭಾನುವಾರ, ಸಂಜೆ 5

ಬೇಗ ಬರೆಯಬೇಕು.

ಅಣ್ಣ ಈಗ ಹೊರಗಿಂದ ಬಂದ. "ಆ ಟೈಲರಮ್ಮ ಮನೆಮನೆಗೆ ಹೋಗಿ ಕತ್ತರಿ ಬಿಚ್ಚಿ ತೋರಿಸ್ತಿದ್ದಾಳಂತೆ. ಆರು ಗಂಟೆಗೆ ನಾವೆಲ್ಲ ಅವರ ಮನೆ ಹತ್ರ ಹೋಗ್ತಿದ್ದೀವಿ."

"ಬರೀ ಮಾತಾಡೋಕಾ?"

ಸ್ನಾನಕ್ಕೆ ಬಕೆಟ್ ಎತ್ತಿಕೊಂಡ.

"ಅಣ್ಣಾ, ಅವರ ಗಂಡನ ಕೈ ನೋಡಿದ್ದೀಯಾ ನೀನು?"

"ನಿನ್ನ ಹತ್ರ ಬಂದಿದ್ಳಾ ಅವಳು?" ಮೆಲ್ಲಗೆ ಕೇಳಿದ. ಪಿಸುಮಾತಿನ ಹಾಗೇ, ಮೆಲ್ಲಗೆ. "ಬಂದಿದ್ರೆ ಯಾರಿಗೂ ಹೇಳ್ಬೇಡ. ನಿನ್ನ ಹೆಸರು ಬಂದ್ರೆ ನನ್ನ ಕೈಲೂ ತಡೆಯೋಕಾಗಲ್ಲ." ತಲೆ ಸವರಿ ಸ್ನಾನಕ್ಕೆ ಹೋದ.

ಟೈಲರಮ್ಮನಿಗೆ ಮೂರು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಸ್ಟೇಷನ್ನಿಗೆ ಮಾಡಿದೆ. ಕಂಪ್ಲೇಂಟ್ ಇದ್ದರೆ ನಾಳೆ ಬನ್ನಿ ಎಂದರು.

ಅವರ ಮನೆಗೆ ನಡೆದರೆ ಹತ್ತು ನಿಮಿಷ. ಹೋಗಿ ಹೇಳಿದರೆ ಓಡಿ ಹೋಗಬಹುದು. ಆ ಕೈ ಇಟ್ಟುಕೊಂಡು ಓಡುವುದೆಲ್ಲಿಗೆ? ನಾವು ಹೋಗಲ್ಲ ಎಂದು ಅವರು ಅಂದರೆ ನಾನೂ ಅಲ್ಲೇ ಕೂರುತ್ತೇನೆ. ಹೆದರಿಕೆ ಇದೆ. ಆದರೆ ಅಣ್ಣ ಬಂದು ಆ ಬಾಗಿಲು ಬಡಿದಾಗ ತೆಗೆಯುವವಳು ನಾನೇ ಆಗಿರಲಿ. ನನ್ನ ಮುಖ ನೋಡಿಕೊಂಡು ಮಾಡಲಿ, ಏನು ಮಾಡಬೇಕೆಂದಿದ್ದಾನೋ ಅದನ್ನು.

ಅತ್ತಿಗೆ ಬಂದು ನಿಂತಳು. ನನ್ನ ಕಾಲಲ್ಲಿ ಚಪ್ಪಲಿ ನೋಡಿದಳು. ಹೋಗಿ ಹಿಂಬಾಗಿಲ ಚಿಲಕ ತಾನೇ ತೆಗೆದಳು.

ನೀರಿನ ಸದ್ದು ನಿಂತಿತು. ಅವನು ಕರೆಯುತ್ತಿದ್ದಾನೆ. ಹೊರಟೆ.