ಐದೆಳೆಯ ಯಂತ್ರ, ಮೂರೆಳೆಯ ಲೆಕ್ಕ

ಮಂಗಳವಾರ, ಜೂನ್ ೧೪.

ಫ್ಯಾಕ್ಟರಿಯಲ್ಲಿ ನೀಲಿ ದಾರ ಮುಗಿಯುತ್ತಿದೆ. ಹೊಲಿಯಬೇಕಾದ ಅಂಗಿಗಳು ಇನ್ನೂ ರಾಶಿ ಉಳಿದಿವೆ.

ತಪ್ಪು ಎಲ್ಲಿದೆಯೆಂದು ಮಧ್ಯಾಹ್ನವೇ ಗೊತ್ತಾಯಿತು. ಮಾದರಿ ಅಂಗಿಯ ಹೊಲಿಗೆ ಬಿಚ್ಚಿ, ದಾರ ಅಳೆದು, ಅಂಗಿಗೆ ಇಷ್ಟು ಬೇಕೆಂದು ಬರೆದುಕೊಟ್ಟವನು ನಾನು. ಆ ಮಾದರಿಯನ್ನು ಬಟ್ಟೆಯ ಅಂಚು ಹೊಲಿಯುವ ಮೂರೆಳೆಯ ಓವರ್‌ಲಾಕ್ ಯಂತ್ರದಲ್ಲಿ ಹೊಲಿದಿದ್ದರು. ಕೆಳಮಹಡಿಯಲ್ಲಿ ಅಂಗಿ ಹೊಲಿಯುವ ಯಂತ್ರಗಳೆಲ್ಲ ಐದೆಳೆಯವು, ಹೆಚ್ಚು ದಾರ ನುಂಗುವವು. ಮಾದರಿ ಯಾವ ಯಂತ್ರದ್ದೆಂದು ನಾನು ಕೇಳಲೇ ಇಲ್ಲ.

ಮ್ಯಾನೇಜರು ಸ್ಟೋರ್ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೆದುರು ನಿಲ್ಲಿಸಿದರು. "ದಾರಕ್ಕೇನು ಕಾಲು ಬಂತೇನಮ್ಮಾ?"

"ನನ್ನ ಬ್ಯಾಗ್ ನೋಡ್ಕೊಳ್ಳಿ ಸಾರ್. ಅಷ್ಟು ದಾರ ತಗೊಂಡು ನಾನೇನು ಗಾಳಿಪಟ ಹಾರಿಸ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆಕೆ ನನ್ನ ಕಡೆ ತಿರುಗಿದಳು. "ಅಣ್ಣಾ, ಲೆಕ್ಕ ಹಾಕಿದ್ದು ನೀವಲ್ವಾ? ನೀವಾದ್ರೂ ಹೇಳಿ."

"ನೋಡೋಣಮ್ಮ" ಎಂದೆ.

ಕೆಲಸ ಹೋಗುತ್ತದೆಂಬುದು ನನ್ನ ಭಯದ ಒಂದು ಭಾಗ ಮಾತ್ರ; ಈ ವಯಸ್ಸಿಗೆ ಬೇರೆ ಕಡೆ ಯಾರು ಕರೆದಾರು? ಉಳಿದದ್ದು ಬೇರೆ. ನಾಳೆ ನಾನು ಬಾಯಿ ಬಿಡದಿದ್ದರೂ ಎಲ್ಲವೂ ನಡೆದುಹೋಗುತ್ತದೆ. ಆಕೆಯನ್ನು ಮನೆಗೆ ಕಳಿಸುತ್ತಾರೆ, ಹೊಸ ದಾರ ತರಿಸುತ್ತಾರೆ, ನಾನು ಇದೇ ಕುರ್ಚಿಯಲ್ಲಿ ಕೂತು ಊಟ ಮಾಡುತ್ತೇನೆ. ಅದು ಅಷ್ಟು ಸುಲಭವಾಗಿರುವುದೇ ಹೆದರಿಸುತ್ತಿದೆ.

ಹೇಳಬೇಕಾದ ಮಾತು ಚಿಕ್ಕದು. ಈಗಷ್ಟೇ ಗಟ್ಟಿಯಾಗಿ ಹೇಳಿ ನೋಡಿದೆ: "ದಾರ ಯಾರೂ ಕದ್ದಿಲ್ಲ, ಲೆಕ್ಕ ತಪ್ಪಿದೆ."

ಒಳಗಿನಿಂದ ಹೆಂಡತಿ ಕೇಳಿದಳು: "ಯಾರ ಲೆಕ್ಕ ರೀ?"

ಅವಳಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೇ ಹೇಳಲಾಗದಿದ್ದರೆ ನಾಳೆ ಎಲ್ಲರೆದುರು ಹೇಗೆ ಹೇಳಲಿ?