ಎಡಗಡೆಯ ನೆಟಿಕೆ

ಭಾವಾ,

ರೂವಿ ಬಸ್ ನಿಲ್ದಾಣದ ಹಿಂದಿನ ಕ್ಷೌರದಂಗಡಿಯ ಉಸ್ತಾದ್ ನಿಮ್ಮ ಬಗ್ಗೆ ಕೇಳುತ್ತಲೇ ಇದ್ದ. "ಬರ್ಕಾದ ತರಕಾರಿ ಗಾಡಿಯವರು ವಿಮಾನ ಹತ್ತಿ ಊರಿಗೆ ಹೋದವರು ಬರಲೇ ಇಲ್ಲವಲ್ಲ?" ಒಂದು ವರ್ಷ ನಾನು ಹೂಂ ಅಂದೆ.

ಆ ಶುಕ್ರವಾರ ನೆನಪಿದೆಯಾ? ಕೂದಲು ಕತ್ತರಿಸಿ ಆದ ಮೇಲೆ ಅವನು ನಿಮ್ಮ ಗಲ್ಲ ಹಿಡಿದು ಕುತ್ತಿಗೆ ತಿರುಗಿಸಿದ. ಬಲಗಡೆ ಲಟಕ್ ಅಂತ ನೆಟಿಕೆ ಬಂತು, ಎಡಗಡೆ ಬರಲಿಲ್ಲ. "ಅರ್ಧ ಬೋಳಿಸಿ ಕಳಿಸಿದ ಹಾಗಾಯಿತಲ್ಲ ಉಸ್ತಾದ್!" ಅಂದಿರಿ ನೀವು. "ಜೋರು ತಿರುಗಿಸು, ನಮ್ಮ ಭಾವ ಗಟ್ಟಿ ಜನ" ಅಂದವನು ನಾನು. ಎಡಗಡೆಯೂ ಬಂತು. ಮೂವರೂ ನಕ್ಕೆವು.

ಮೂರು ದಿನ ಕುತ್ತಿಗೆ ನೋವು, ತಲೆನೋವು. ನೀವು ದಿಂಬಿಗೆ ಬೈದು ಮುಲಾಮು ಹಚ್ಚಿಕೊಂಡಿರಿ. ನಾಲ್ಕನೆಯ ದಿನ ಅಲ್ ಮಬೇಲಾದಲ್ಲಿ ಟೊಮೆಟೊ ಇಳಿಸುವಾಗ ನಿಮ್ಮ ಮಾತು ತೊದಲಿತಂತೆ, ಕೈಯಿಂದ ಪೆಟ್ಟಿಗೆ ಜಾರಿತಂತೆ. ಬಿಸಿಲು ಹೊಡೆದಿದೆ ಅಂತ ಅಲ್ಲಿದ್ದವರು ಮಜ್ಜಿಗೆ ಕುಡಿಸಿ ನೆರಳಲ್ಲಿ ಮಲಗಿಸಿದರು. ಆಸ್ಪತ್ರೆಗೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು.

ಮೂವತ್ತಾರಕ್ಕೆ ಸ್ಟ್ರೋಕ್ ಆಗುತ್ತದಾ ಅಂತ ನಾನು ಡಾಕ್ಟರನ್ನೇ ಕೇಳಿದೆ. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿದೆ, ಪ್ರಾಯದವರಲ್ಲಿ ಹೀಗೂ ಆಗುವುದುಂಟು ಅಂದರು. ನೀವು ಅರ್ಧಕ್ಕೇ ಬಿಟ್ಟ ಬಿ.ಪಿ. ಮಾತ್ರೆ, ಸಿಗರೇಟು, ಅವೂ ಲೆಕ್ಕಕ್ಕೆ ಬಂದವು. "ಇತ್ತೀಚೆಗೆ ಕುತ್ತಿಗೆಗೆ ಪೆಟ್ಟು, ತಿರುಚುವುದು, ಏನಾದರೂ?" ಅಂತ ಕೇಳಿದರು.

ಗೊತ್ತಿಲ್ಲ ಅಂದೆ. ಯಾಕೆ ಹಾಗಂದೆನೋ...

ಹೋದ ತಿಂಗಳು ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಟ್ಯಾಕ್ಸಿಯವ ಕೂತಿದ್ದ. "ಯಲ್ಲಾ ಉಸ್ತಾದ್, ಗಟ್ಟಿಯಾಗಿ!" ಅಂದ. ಉಸ್ತಾದ್ ಅವನ ಗಲ್ಲಕ್ಕೆ ಕೈ ಹಾಕಿದ. ಮುಖದ ಮೇಲಿನ ಸೋಪು ಹಾಗೇ ಇರುವಾಗಲೇ ನಾನು ಎದ್ದು ಆ ಕೈ ಹಿಡಿದೆ. ಟ್ಯಾಕ್ಸಿಯವ ಮರುಳನನ್ನು ನೋಡುವಂತೆ ನನ್ನನ್ನು ನೋಡಿ ಎದ್ದು ಹೋದ. ಆಮೇಲೆ ಎಲ್ಲ ಹೇಳಿದೆ, ನೀವು ಊರಿಗೆ ಹೋದದ್ದು ಶವಪೆಟ್ಟಿಗೆಯಲ್ಲಿ ಅಂತಲೂ.

ಉಸ್ತಾದ್ ಆ ಖಾಲಿ ಕುರ್ಚಿಯಲ್ಲಿ ತಾನೇ ಕೂತ. "ನನ್ನ ಕೈಯಿಂದಲಾ?"

"ಅದರಿಂದಲೇ ಅಂತ ಯಾರಿಗೂ ಖಚಿತವಿಲ್ಲ. ಜೋರು ಅಂದದ್ದು ಮಾತ್ರ ನಾನು."

"ನೆನಪಿದೆ" ಅಂದ. 

ಈಗ ಅವನು ಪೌಡರ್ ಹಚ್ಚಿ ಬಟ್ಟೆ ಕೊಡವಿ, "ಖಲಾಸ್, ಕುತ್ತಿಗೆ ಮುಟ್ಟುವುದಿಲ್ಲ" ಅನ್ನುತ್ತಾನೆ. ಗಿರಾಕಿಗಳು ಗೊಣಗುತ್ತಾರೆ.

ಅಕ್ಕ ಮಾತ್ರ ಇನ್ನೂ ಮಾತ್ರೆಯನ್ನೇ ದೂರುತ್ತಾಳೆ, ದಿನಾ ಫೋನ್ ಮಾಡಿ ನೆನಪಿಸಬೇಕಿತ್ತು ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ನಾಡಿದ್ದು ಊರಿಗೆ ಹೊರಟಿದ್ದೇನೆ ಭಾವಾ. ಚಾ ಕುಡಿಯುವ ಮೊದಲೇ ಅವಳೆದುರು ಕೂತು ಹೇಳುತ್ತೇನೆ. ಆಮೇಲೆ ಅವಳು ಚಾ ಕೊಟ್ಟರೆ ಕುಡಿಯುತ್ತೇನೆ.